ಬಂದೂಕು ಗೂಟದಿಂದ ಇಳಿಯುವ ಮೊದಲು

ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಬರುವವರು ಹೆಚ್ಚಾಗಿ ಸರ್ವಜ್ಞನ ಊರು ಎಂದು ಹುಡುಕಿಕೊಂಡು ಬರುತ್ತಾರೆ. ಸೋಮೇಶ್ವರ ಗುಡಿಯ ಗೋಡೆಯ ಮುಂದೆ ನಿಂತು ನೋಡುವವರು ಕಡಿಮೆ. ಅಲ್ಲಿ ಒಂದು ಜಗಳವನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಸುಮಾರು 1200ರ ಶಾಸನವೂ ಅದನ್ನೇ ಹೇಳುತ್ತದೆ. ಶಿವಭಕ್ತ ಏಕಾಂತದ ರಾಮಯ್ಯನಿಗೂ ಊರಿನ ಜೈನ ಗಾವುಂಡರಿಗೂ ಯಾರ ದೇವರು ದೊಡ್ಡವನೆಂದು ಮಾತು ಬಂತು, ಮಾತು ಪಂಥವಾಯಿತು, ಪಂಥ ಓಲೆಗೆ ಏರಿತು. ರಾಮಯ್ಯ ತಲೆ ಅರಿದುಕೊಂಡು ಮತ್ತೆ ಪಡೆದನೆನ್ನುತ್ತದೆ ಶಾಸನ. ಎದುರಿನವರು ಓಲೆಯ ಮಾತು ನಡೆಸಲಿಲ್ಲ, ಜಿನಮೂರ್ತಿ ಒಡೆಯಿತು, ದೂರು ಕಲ್ಯಾಣದ ಅರಸ ಬಿಜ್ಜಳನ ತನಕ ಹೋಯಿತು. ಬಿಜ್ಜಳ ದೂರು ತಂದವರಿಗೆ ಇನ್ನು ಸುಮ್ಮನೆ ಬಾಳಿಕೊಂಡಿರಿ ಎಂದು ಹೇಳಿ ಕಳಿಸಿ, ರಾಮಯ್ಯನಿಗೆ ಜಯಪತ್ರ ಕೊಟ್ಟ.

ಪವಾಡವನ್ನು ನಂಬುವವರು ನಂಬಲಿ. ನನ್ನ ಗಮನ ಹೋಗುವುದು ಆ ಜಯಪತ್ರದ ಕಡೆಗೆ. ಅರಸ ಅದನ್ನು ಕೊಟ್ಟು ಕಲ್ಯಾಣದಲ್ಲೇ ಉಳಿದ. ಗೆದ್ದವನೂ ಸೋತವರೂ ಮರುದಿನ ಅದೇ ಕೆರೆಯ ನೀರಿಗೆ, ಅದೇ ದಾರಿಯಲ್ಲಿ ಹೋಗಬೇಕಿತ್ತು. ಇಂದಿಗೂ ನಮ್ಮ ಕಡೆ ಊರ ದೈವ ಕೂಡಿಸಿ ಬಗೆಹರಿಸಿದ ಎಷ್ಟೋ ವ್ಯಾಜ್ಯಗಳು ಎರಡು ವರ್ಷ ಬಿಟ್ಟು ಬದುವಿನ ಮೇಲೆ ಮತ್ತೆ ಏಳುವುದು ಇದೇ ಕಾರಣಕ್ಕೆ. ಹಿರಿಯರು ಯಾರು ಸರಿ ಎಂದು ಹೇಳಿ ಎದ್ದು ಹೋಗುತ್ತಾರೆ, ಸೋತವನು ಅದೇ ಓಣಿಯಲ್ಲಿ ಉಳಿಯುತ್ತಾನೆ. ಅವನ ಮನೆಯ ಗೂಟದಲ್ಲಿ ಬಂದೂಕು ಇದ್ದರೆ?

ಊರಿನ ಹಿರಿಯರಿಗೆ, ಯುವಕರಿಗೆ, ಸಂಘದ ಹೆಣ್ಣುಮಕ್ಕಳಿಗೆ ಇಂಥ ಜಗಳವನ್ನು ಗುಂಡಿನ ತನಕ ಹೋಗದಂತೆ ತಡೆಯುವ ತರಬೇತಿ ಹೇಗಿರಬೇಕು, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಮೊದಲು ಬಂದೂಕಿನ ಮಾತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹಳ್ಳಿಗಳಲ್ಲಿ ಪರವಾನಗಿಯ ಬಂದೂಕು ಬಹುಪಾಲು ಬೆಳೆ ಕಾಯಲು ಬಂದದ್ದು. ಗೋವಿನಜೋಳ ತೆನೆ ಕಟ್ಟುವಾಗ ಹಂದಿಯ ಹಿಂಡು ಒಂದು ರಾತ್ರಿ ಹೊಕ್ಕರೆ ಬೆಳಗ್ಗೆ ಹೊಲ ಉರುಳಿಸಿದ ಚಾಪೆಯಂತೆ ಕಾಣುತ್ತದೆ. ಬಾಯಿಯಿಂದ ಮದ್ದು ಗಟ್ಟಿಸುವ ಹಳೆಯ ಬಂದೂಕಿಗೆ ಬೆಳೆ ರಕ್ಷಣೆಯ ಹೆಸರಿನಲ್ಲಿ ಪರವಾನಗಿ ಕೊಡುವ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಅವರು ಪೊಲೀಸರ ವರದಿ ತರಿಸಿಕೊಳ್ಳುತ್ತಾರೆ. 2016ರ ನಿಯಮಗಳು ಬಂದ ಮೇಲೆ ಅರ್ಜಿದಾರ ಬಂದೂಕನ್ನು ಸುರಕ್ಷಿತವಾಗಿ ಹಿಡಿಯುವ, ಇಡುವ ತರಬೇತಿಯ ಪ್ರಮಾಣಪತ್ರವನ್ನೂ ತರಬೇಕು. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿ ಇಲ್ಲದ ನಾಡ ಬಂದೂಕು ಸಿಕ್ಕಿದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಇನ್ನೊಂದು ಮಾತು ರೈತರಿಗೆ: ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬೇಟೆಯ ಪರವಾನಗಿಯಲ್ಲ. ಪ್ರಾಣಿಯನ್ನು ಕೊಲ್ಲುವ ಮಾತು ಬಂದರೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಕೊಡಗಿನ ಕಥೆ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದರು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೋಕಿಗೆ, ಅಂದರೆ ಬಂದೂಕಿಗೆ, ಹೂ ಮುಡಿಸಿ ಪೂಜೆ ಮಾಡುತ್ತಾರೆ. ನಮ್ಮಲ್ಲಿ ಆ ಸಂಪ್ರದಾಯವೂ ಇಲ್ಲ, ಅದರ ಜೊತೆಗೆ ಬರುವ ಶಿಸ್ತೂ ಇಲ್ಲ. ಅಜ್ಜ ತೀರಿಕೊಂಡ ಮೇಲೆ ಬಂದೂಕು ಅಟ್ಟದ ಮೇಲೆ ಹಾಗೆಯೇ ಉಳಿದಿರುತ್ತದೆ. ಪರವಾನಗಿ ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯಿತು ಎಂದು ಯಾರೂ ನೋಡಿರುವುದಿಲ್ಲ. ಮಾಲೀಕ ಸತ್ತರೆ ಅಥವಾ ಪರವಾನಗಿ ಮುಗಿದರೆ ಬಂದೂಕನ್ನು ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು ಎಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ವಾರಸುದಾರ ಆಮೇಲೆ ತನ್ನ ಹೆಸರಿಗೆ ಅರ್ಜಿ ಹಾಕಿಕೊಳ್ಳಲಿ. ಅಲ್ಲಿಯವರೆಗೆ ಅದು ಅಜ್ಜನ ನೆನಪಲ್ಲ, ಅಕ್ರಮ ಶಸ್ತ್ರ.

ತರಬೇತಿಯ ಮೊದಲ ಪಾಠ ಇದೇ ಆಗಬೇಕು. ಭಾಷಣ ಬೇಡ, ಊರಿನ ನೆನಪು ಕೆದಕಿದರೆ ಸಾಕು. ಯಾರ ಮನೆಯಲ್ಲಿ ಇತ್ತು, ಈಗ ಇದೆಯೇ, ಗುಂಡು-ಮದ್ದು ಎಲ್ಲಿ, ಕೀಲಿ ಯಾರ ಕೈಯಲ್ಲಿ? ಹೆಚ್ಚಿನ ಹಳ್ಳಿಗಳಲ್ಲಿ ಇದರ ಲೆಕ್ಕ ಬೆರಳೆಣಿಕೆಯಲ್ಲಿ ಮುಗಿಯುತ್ತದೆ. ಅಮೆರಿಕದ ನಗರಗಳಿಗೆ ಇಲ್ಲದ ಅನುಕೂಲ ನಮಗಿರುವುದು ಇಲ್ಲೇ.

ಅಮೆರಿಕದ ಹೆಸರು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಷಿಕಾಗೊದಲ್ಲಿ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರಿದ್ದಾರೆ. ಆಫ್ರಿಕದಲ್ಲಿ ಕಾಲರಾ, ಕ್ಷಯ, ಏಡ್ಸ್ ತಡೆಯುವ ಕೆಲಸ ಮಾಡಿ ಊರಿಗೆ ಮರಳಿದಾಗ ಅವರಿಗೆ ಗುಂಡಿನ ಸಾವುಗಳ ನಕ್ಷೆ ಕಾಲರಾ ನಕ್ಷೆಯಂತೆ ಕಂಡಿತು: ಒಂದು ಕಡೆ ಬಿದ್ದದ್ದು ಪಕ್ಕಕ್ಕೆ ಹಬ್ಬುತ್ತದೆ, ಒಂದು ಸಾವಿಗೆ ಇನ್ನೊಂದು ಸೇಡು. ಹಾಗಾದರೆ ಹಬ್ಬುವುದನ್ನು ತಡೆಯುವವರೂ ಅದೇ ಓಣಿಯವರೇ ಆಗಬೇಕೆಂದು 2000ದಲ್ಲಿ ಅಲ್ಲಿನ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ಕೆಲಸ ಶುರುಮಾಡಿದರು. ಹಿಂದೆ ತಾವೇ ಗುಂಪುಗಳಲ್ಲಿ ಇದ್ದು ಜೈಲು ಕಂಡು ಬಂದವರನ್ನು ಆರಿಸಿ, ಜಗಳದ ನಡುವೆ ಹೋಗಿ ನಿಲ್ಲುವ ತರಬೇತಿ ಕೊಟ್ಟರು. ಆಮೇಲೆ ಈ ವಿಧಾನ ಬೇರೆ ಬೇರೆ ನಗರಗಳಿಗೆ ಹೋಯಿತು. ಕೆಲವು ಕಡೆ ಗುಂಡಿನ ಪ್ರಕರಣ ಇಳಿದವು, ಕೆಲವು ಕಡೆ ಅಂಥ ಫಲ ಕಾಣಲಿಲ್ಲ. ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಅದನ್ನು ಇಡಿಯಾಗಿ ತಂದು ಹಿರೇಕೆರೂರಿನಲ್ಲಿ ನೆಡಲು ಬರುವುದಿಲ್ಲ. ನಮ್ಮಲ್ಲಿ ಬೀದಿ ಗುಂಪುಗಳಿಲ್ಲ, ಬದುವಿನ ಜಗಳವಿದೆ, ದಾಯಾದಿ ಜಗಳವಿದೆ, ಗಣಪತಿ ಮೆರವಣಿಗೆಯ ದಾರಿಯ ಜಗಳವಿದೆ. ಆದರೆ ಅವರ ಒಂದು ತಿಳಿವಳಿಕೆ ಇಲ್ಲಿಗೂ ಒಗ್ಗುತ್ತದೆ. ನಡುವೆ ಹೋದವನು ತೀರ್ಪು ಕೊಡುವುದಿಲ್ಲ, ಹೊತ್ತು ಕಳೆಯುತ್ತಾನೆ. ಬಂದೂಕು ಹಿಡಿದವನ ಸಿಟ್ಟು ಒಂದು ರಾತ್ರಿಯದು; ಆ ರಾತ್ರಿ ದಾಟಿಸಿದರೆ ಉಳಿದದ್ದನ್ನು ಸರ್ವೆಯವರು, ವಕೀಲರು ನೋಡಿಕೊಳ್ಳುತ್ತಾರೆ.

ಯಾರಿಗೆ ತರಬೇತಿ ಕೊಡಬೇಕು? ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ನನಗೆ ಅಷ್ಟು ಭರವಸೆ ಇಲ್ಲ. ಚುನಾವಣೆಯಲ್ಲಿ ಗೆದ್ದವರಿಗೆ ಊರಿನ ಅರ್ಧ ಜನ ಎದುರು ನಿಂತಿರುತ್ತಾರೆ, ಜಗಳದ ಒಂದು ಕಡೆಯವರು ಅವರ ಮಾತಿಗೆ ಕಿವಿ ಕೊಡುವುದಿಲ್ಲ. ಹಾಲಿನ ಸಂಘದ ಕಾರ್ಯದರ್ಶಿ ವಾಸಿ, ದಿನಾ ಎರಡು ಹೊತ್ತು ಎಲ್ಲ ಜಾತಿಯ, ಎಲ್ಲ ಓಣಿಯ ಜನ ಅವನ ಮುಂದೆ ಬಂದು ನಿಲ್ಲುತ್ತಾರೆ. ಬಸ್‌ ನಿಲ್ದಾಣದ ಚಹಾ ಅಂಗಡಿಯವನು ವಾಸಿ, ಮಾತು ಬಿಸಿಯಾದದ್ದು ಮೊದಲು ಅವನ ಕಿವಿಗೆ ಬೀಳುತ್ತದೆ. ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ನಿವೃತ್ತ ಮೇಷ್ಟ್ರು, ಗಣಪತಿ ಮಂಡಳಿಯ ಹುಡುಗರಲ್ಲಿ ಮಾತು ಕೇಳಿಸಿಕೊಳ್ಳುವ ಒಬ್ಬ. ಇವರಲ್ಲಿ ಹೆಣ್ಣುಮಕ್ಕಳಿರುವುದು ಲೆಕ್ಕಕ್ಕೆ ಸೇರಿಸಿದೆವು ಎಂದು ತೋರಿಸಲು ಅಲ್ಲ. ಗಂಡ ಬಂದೂಕು ಒರೆಸಿಡಲು ಶುರುಮಾಡಿದ, ತೋಟಾ ಎಣಿಸಿದ ಎಂಬುದು ಮೊದಲು ತಿಳಿಯುವುದು ಹೆಂಡತಿಗೆ. ಅವಳು ಅದನ್ನು ಹೇಳಿಕೊಳ್ಳುವುದು ಇನ್ನೊಬ್ಬ ಹೆಂಗಸಿಗೆ.

ತರಬೇತಿ ಎಂದರೆ ಸಭಾಭವನ, ಬ್ಯಾನರು, ಉಪ್ಪಿಟ್ಟು, ಪ್ರಮಾಣಪತ್ರ ಎಂದಾಗಿಬಿಟ್ಟಿದೆ. ಇದಕ್ಕೆ ಬೇಕಾದದ್ದು ದೊಡ್ಡಾಟದವರು ಮಾಡುವಂಥ ತಾಲೀಮು. ಒಬ್ಬ ಬದು ಒತ್ತಿದವನ ಪಾತ್ರ, ಒಬ್ಬ ಒತ್ತಿಸಿಕೊಂಡವನ ಪಾತ್ರ, ಮೂರನೆಯವನು ನಡುವೆ ಹೋಗುವವನು. ಪಾತ್ರ ಬದಲಿಸಿ ಮತ್ತೆ ಆಡಬೇಕು. ಬೈಗುಳ ನಿಜವಾದ ಬೈಗುಳವೇ ಆಗಿರಬೇಕು, ಇಲ್ಲದಿದ್ದರೆ ನಿಜವಾದ ದಿನ ಕೈಕಾಲು ನಡುಗುತ್ತವೆ. ತಾಲೀಮಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಬಂದವನೇ “ಏ, ನಿಂದ ತಪ್ಪೈತಿ, ಸುಮ್ಕಿರು” ಎನ್ನುತ್ತಾನೆ. ಅಲ್ಲಿಗೆ ಜಯಪತ್ರ ಕೊಟ್ಟಂತಾಯಿತು.

ಅದೇ ತಾಲೀಮನ್ನು ಮೂರನೇ ಸಲ ಆಡುವಾಗ ಮಾತು ಹೀಗೆ ಬರಬೇಕು:

“ಕಾಕಾ, ಬರ್ರಿ, ಇಲ್ಲಿ ಕಟ್ಟಿ ಮ್ಯಾಲೆ ಕುಂಡ್ರೋಣು.”

“ಕುಂಡ್ರೂದಿಲ್ಲ. ಇವತ್ತ ಅವನ್ನ ಬಿಡೂದಿಲ್ಲ.”

“ಬಿಡಬ್ಯಾಡ್ರಿ. ನಾಳೆ ಮುಂಜಾನೆ ನಾಡಕಚೇರಿಗೆ ನಾನs ನಿಮ್ಮ ಕೂಡ ಬರ್ತೀನಿ, ಹದ್ದುಬಸ್ತಿಗೆ ಅರ್ಜಿ ಕೊಡೋಣು. ಈ ರಾತ್ರಿ ಒಂದು ನನಗ ಬಿಟ್ಟು ಕೊಡ್ರಿ.”

ಇಲ್ಲಿ ಮೂರು ಕೆಲಸ ಆದವು. ಕರೆದದ್ದು ಬಂಧುವಿನ ಹೆಸರಿನಿಂದ. ನೀವು ಸೋತಿರಿ ಎಂದು ಹೇಳಲಿಲ್ಲ. ನಾಳೆ ಎಂಬ ಮಾತಿಗೆ ಒಂದು ಜಾಗ, ಒಂದು ಅರ್ಜಿ ಕೊಟ್ಟಾಯಿತು. ಬರಿದೇ “ನಾಳೆ ನೋಡೋಣ” ಎಂದರೆ ಯಾರೂ ನಂಬುವುದಿಲ್ಲ. ಹದ್ದುಬಸ್ತು ಅಳತೆಗೆ ಸಮಯ ಹಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ವಿಳಂಬವೂ ಇಲ್ಲಿ ಉಪಕಾರಕ್ಕೆ ಬರುತ್ತದೆ. ನಮ್ಮ ಕಚೇರಿಗಳ ನಿಧಾನವನ್ನು ಹೊಗಳಲು ಸಿಕ್ಕ ಒಂದೇ ಸಂದರ್ಭ ಇದು.

ಅದೇ ಹೊತ್ತಿಗೆ ಇನ್ನೊಬ್ಬರು ಎದುರು ಪಕ್ಷದ ಮನೆಯಲ್ಲಿರಬೇಕು. ಒಬ್ಬರೇ ಎರಡೂ ಕಡೆ ಓಡಾಡಿದರೆ ಎರಡೂ ಕಡೆ ಅನುಮಾನ. ಆದ್ದರಿಂದ ತರಬೇತಿ ಜೋಡಿಯಾಗಿ ಕೊಡುವುದು ಒಳ್ಳೆಯದು, ಜೋಡಿ ಬೇರೆ ಬೇರೆ ಓಣಿಯದಾಗಿರಲಿ.

ಬಂದೂಕಿನ ಗತಿ ಏನು? ನಡುವೆ ಹೋದವರು ಅದನ್ನು ಮುಟ್ಟಲೇಬಾರದು. “ನನ್ನ ಮನೆಯಲ್ಲಿ ಇಟ್ಟಿರ್ತೀನಿ ಕೊಡು” ಎಂದು ಒಳ್ಳೆಯ ಮನಸ್ಸಿನಿಂದ ತೆಗೆದುಕೊಂಡು ಹೋದರೂ ಪರವಾನಗಿ ಇಲ್ಲದವನ ಕೈಯಲ್ಲಿ ಅದು ಅಪರಾಧ, ಕೊಟ್ಟವನಿಗೂ ತೊಂದರೆ. ಪರವಾನಗಿದಾರ ತಾನಾಗಿಯೇ ಠಾಣೆಯಲ್ಲೋ ಅನುಮತಿ ಇರುವ ವ್ಯಾಪಾರಿಯಲ್ಲೋ ಕೆಲವು ಕಾಲ ಇಡಬಹುದು, ರಸೀದಿ ಸಿಗುತ್ತದೆ. ಊರಿನ ಜನಕ್ಕೆ ಇದು ಹೊಸದೇನಲ್ಲ. ಪ್ರತಿ ಚುನಾವಣೆಗೂ ಬಂದೂಕು ಠಾಣೆಗೆ ಹೋಗಿ ಬರುತ್ತದೆ. ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಸಮಿತಿ ಪರವಾನಗಿಗಳನ್ನು ಪರಿಶೀಲಿಸುತ್ತದೆ, ಠೇವಣಿ ಇಡಿಸಿಕೊಳ್ಳುತ್ತದೆ, ಫಲಿತಾಂಶ ಬಂದು ವಾರ ಕಳೆದ ಮೇಲೆ ಮರಳಿಸಬೇಕು. “ಎಲೆಕ್ಷನ್‌ಗೆ ಇಡ್ತೀರಲ್ಲ, ಹಂಗs ಈ ತಿಂಗಳು ಇಡ್ರಿ” ಎಂದರೆ ಅಂಥ ಅವಮಾನವೆಂದು ಯಾರೂ ತಿಳಿಯುವುದಿಲ್ಲ. ಮರ್ಯಾದೆ ಉಳಿಯುವ ಹಾದಿ ಇದು.

ಠೇವಣಿ ಇಡಲು ಒಪ್ಪದಿದ್ದರೆ, ಬೆದರಿಕೆ ಹಾಕಿದ್ದರೆ, ಪರವಾನಗಿಯೇ ಇಲ್ಲದಿದ್ದರೆ ಹೊತ್ತು ಕಳೆಯುವ ಕೆಲಸ ಅಲ್ಲಿಗೆ ಮುಗಿಯಿತು. 112ಕ್ಕೆ ಕರೆ ಮಾಡಬೇಕು. ಪ್ರತಿ ಹಳ್ಳಿಗೂ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ, ಅವರ ನಂಬರು ತರಬೇತಿ ಪಡೆದವರ ಮೊಬೈಲಿನಲ್ಲಿ ಇರಲೇಬೇಕು. ಸಾರ್ವಜನಿಕ ಶಾಂತಿಗೆ ಬೇಕೆಂದು ಕಂಡರೆ ಪರವಾನಗಿಯನ್ನು ಅಮಾನತಿನಲ್ಲಿಡುವ ಅಧಿಕಾರ ಜಿಲ್ಲಾಡಳಿತಕ್ಕಿದೆ. ಹಳೆಯವರು “ಒನ್ ನಾಟ್ ಸೆವೆನ್ ಹಾಕಿಸಿದರು” ಎನ್ನುತ್ತಿದ್ದರಲ್ಲ, ತಹಶೀಲ್ದಾರರ ಮುಂದೆ ಶಾಂತಿ ಕಾಯುವೆನೆಂದು ಮುಚ್ಚಳಿಕೆ ಬರೆಸಿಕೊಳ್ಳುವುದು, ಅದು 2024ರ ಜುಲೈ 1ರಿಂದ ಅಪರಾಧ ಪ್ರಕ್ರಿಯೆಯ ಹೊಸ ಸಂಹಿತೆಯಲ್ಲಿ 126ನೇ ಕಲಂ ಆಗಿದೆ. ಭೂಮಿಯ ಸ್ವಾಧೀನದ ಜಗಳದಿಂದ ಹೊಡೆದಾಟದ ಭಯವಿದ್ದರೆ 164ನೇ ಕಲಂ.

ಈಗ ಕಾಗದಕ್ಕೆ ಬರೋಣ. ಸಿಟ್ಟು ಇಳಿದ ಮೇಲೆ ಒಂದು ವಾರದೊಳಗೆ ಎರಡೂ ಕಡೆಯವರನ್ನು ಕೂಡಿಸಿ ಬರೆದಿಡಬೇಕು. ಅಬಲೂರಿನ ಓಲೆಯಲ್ಲಿ ಇದ್ದದ್ದು ಪಂಥ, ಸೋತರೆ ಹೀಗೆ, ಗೆದ್ದರೆ ಹಾಗೆ. ನಮ್ಮ ಕಾಗದದಲ್ಲಿ ಗೆಲುವು ಸೋಲು ಎರಡೂ ಬೇಡ. ಯಾರು ಏನು ಮಾಡಬೇಕು, ಯಾವ ತಾರೀಖಿನೊಳಗೆ, ಮಾಡದಿದ್ದರೆ ಯಾರ ಹತ್ತಿರ ಹೋಗುವುದು, ಅಷ್ಟೇ. “ತಪ್ಪೊಪ್ಪಿಕೊಂಡಿರುತ್ತಾನೆ” ಎಂಬ ಸಾಲು ಒಂದು ಬಿದ್ದರೂ ಕಾಗದ ಕೆಟ್ಟಂತೆ. ಸಹಿ ಎರಡೂ ಮನೆಯ ಗಂಡಸರದ್ದಷ್ಟೇ ಸಾಲದು, ಹೆಂಗಸರದ್ದೂ ಇರಲಿ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ: ಊರಿನ ನೆಮ್ಮದಿ ಕೆಡಿಸಬಹುದಾದ ವ್ಯಾಜ್ಯವನ್ನು ಎರಡೂ ಪಕ್ಷ ಮೊದಲೇ ಒಪ್ಪಿದರೆ ಮೂವರು ಗೌರವಸ್ಥರ ಮುಂದಿಡಬಹುದು, ಅಲ್ಲಿ ಆದ ಒಪ್ಪಂದ ಕೋರ್ಟಿನ ಡಿಕ್ರಿಯಂತೆ ಜಾರಿಯಾಗುವುದಿಲ್ಲ. ಇದು ಕಾಯ್ದೆಯ ಕೊರತೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಡಿಕ್ರಿ ಕೈಗೆ ಬಂದರೆ ಅದನ್ನು ಓಣಿಯಲ್ಲಿ ಎತ್ತಿ ತೋರಿಸುವವನು ಒಬ್ಬ ಇದ್ದೇ ಇರುತ್ತಾನೆ. ಕಾಯ್ದೆಯ ಭಾಗಗಳು ಹಂತಹಂತವಾಗಿ ಜಾರಿಗೆ ಬರುವಂಥವು, ಆದ್ದರಿಂದ ಅದರ ಹೆಸರಿನಲ್ಲಿ ಕೂಡುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿಕೊಳ್ಳಿ.

ಕೈ ಹಾಕಬಾರದ ಜಾಗಗಳೂ ಇವೆ, ಇದನ್ನು ತರಬೇತಿಯಲ್ಲಿ ಮೂರು ಸಲ ಹೇಳಿದರೂ ಹೆಚ್ಚಲ್ಲ. ದಲಿತರ ಮೇಲಿನ ದೌರ್ಜನ್ಯ, ಮಕ್ಕಳ ಮೇಲಿನ ಲೈಂಗಿಕ ಅಪರಾಧ, ಹೆಂಡತಿಗೆ ಹೊಡೆತ, ಪ್ರೀತಿಸಿ ಮದುವೆಯಾದವರಿಗೆ ಬೆದರಿಕೆ: ಇವುಗಳಲ್ಲಿ ರಾಜಿ ಎಂಬುದಿಲ್ಲ. ದಂಡ ಹಾಕುವ, ಬಹಿಷ್ಕಾರ ಹಾಕುವ ಕಟ್ಟೆ ಪಂಚಾಯಿತಿ ಮಾಡಿದವರೇ ಆರೋಪಿಗಳಾಗುತ್ತಾರೆ. ಮದುವೆಯ ವಿಷಯದಲ್ಲಿ ಇಂಥ ಪಂಚಾಯಿತಿಗಳು ಕೂಡುವುದೇ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. ಗುಂಡು ಹಾರಿದ ಮೇಲೂ ರಾಜಿಯ ಮಾತಿಲ್ಲ. ಆಗಿನ ಕೆಲಸ ಗಾಯದ ಮೇಲೆ ಒಗೆದ ಬಟ್ಟೆ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಚರೆ ಕೀಳಲು ಹೋಗದಿರುವುದು, 108ಕ್ಕೆ ಕರೆ ಮಾಡುವುದು, ಬಂದೂಕು ಬಿದ್ದಲ್ಲೇ ಬಿಡುವುದು.

ಯೋಜನೆ ಹಾಕಿ ಕೊಲ್ಲಲು ಬಂದವರ ಮುಂದೆಯೂ ಈ ವಿದ್ಯೆ ನಡೆಯುವುದಿಲ್ಲ. ಶಾಸನಗಳನ್ನೂ ವಚನಗಳನ್ನೂ ಜೀವನವಿಡೀ ಓದಿದ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ಅಂಥ ಹಂತಕರನ್ನು ಕಟ್ಟೆಯ ಮೇಲೆ ಕೂರಿಸಿ ಹೇಳುವ ಮಾತು ಯಾವುದೂ ಇಲ್ಲ. ಭೀಮಾತೀರದಲ್ಲಿ ತಲೆಮಾರಿಗೆ ದಾಟಿದ ಹಗೆ, ಹೊರಗಿನಿಂದ ಕಳ್ಳದಾರಿಯಲ್ಲಿ ಬಂದ ಪಿಸ್ತೂಲುಗಳು ಪೊಲೀಸರ ಕೆಲಸ. ಊರಿನವರು ಅಲ್ಲಿ ಮಾಡಬಹುದಾದದ್ದು ಹಗೆ ಮಕ್ಕಳಿಗೆ ದಾಟದಂತೆ ನೋಡಿಕೊಳ್ಳುವುದು ಮಾತ್ರ.

ಇನ್ನು ಹಾವೇರಿ ಜಿಲ್ಲೆಯವರಿಗೆ ಗುಂಡಿನ ಸದ್ದು ಎಂದರೆ ಮೊದಲು ನೆನಪಾಗುವುದು ಬದುವಿನ ಜಗಳವಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪ ಮತ್ತು ಇಬ್ಬರು ಸಂಗಾತಿಗಳು ಬ್ರಿಟಿಷ್ ಸರ್ಕಾರದ ಗುಂಡಿಗೆ ಬಿದ್ದರು. ನಮ್ಮದೇ ಸರ್ಕಾರ ಬಂದ ಮೇಲೆ, 2008ರ ಜೂನ್ 10ರಂದು, ಮುಂಗಾರು ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಹಾವೇರಿಯಲ್ಲಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ತೀರಿಕೊಂಡರು. ಪ್ರತಿ ವರ್ಷ ಆ ದಿನ ರೈತ ಸಂಘದವರು ಅವರನ್ನು ನೆನೆಯುತ್ತಾರೆ. ಗುಂಡು ಹಾರಿಸಿದ ಹೊಣೆ ಗೊಬ್ಬರ ಕೇಳಿದವರ ಮೇಲೆ ಬರುವುದಿಲ್ಲ, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಆದರೆ ತರಬೇತಿಯಲ್ಲಿ ಆ ದಿನವನ್ನು ಬಿಟ್ಟು ಮುಂದೆ ಹೋಗುವುದೂ ಸರಿಯಲ್ಲ. ಗೊಬ್ಬರದ ಸಾಲು, ಬಿತ್ತನೆ ಬೀಜದ ಸಾಲು ಪ್ರತಿ ಮುಂಗಾರಿಗೂ ನಿಲ್ಲುತ್ತವೆ. ದಾಸ್ತಾನು ಎಷ್ಟು ಚೀಲ ಎಂದು ಬೆಳಗ್ಗೆಯೇ ಬೋರ್ಡಿನಲ್ಲಿ ಬರೆಯಿಸುವುದು, ಊರುವಾರು ಚೀಟಿ ಹಂಚಿಸುವುದು, ಲಾರಿ ಬಂತಂತೆ ಎಂಬ ಸುದ್ದಿಯನ್ನು ಸೊಸೈಟಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು, ಅಧಿಕಾರಿಯ ಜೊತೆ ಮಾತಾಡಲು ರೈತರೇ ಆರಿಸಿದ ಇಬ್ಬರು ಮುಂದೆ ನಿಲ್ಲುವುದು: ಇವೆಲ್ಲ ಕಲಿಸಬಹುದಾದ ಕೆಲಸಗಳು. ಇದೇ ತರಬೇತಿಗೆ ಠಾಣೆಯ ಪಿಎಸ್‌ಐ ಕೂಡ ಬಂದು ಕೂರಬೇಕು. ರೈತನ ಪಾತ್ರ ಅವರು ಆಡಲಿ, ಪೊಲೀಸಿನ ಪಾತ್ರ ರೈತ ಆಡಲಿ.

ಕೊನೆಗೆ ಉಳಿದದ್ದು ಯಾರೂ ಬಾಯಿಬಿಟ್ಟು ಹೇಳದ ಮಾತು. ಮನೆಯ ಬಂದೂಕು ಎದುರಾಳಿಗಿಂತ ಮೊದಲು ಮನೆಯವರನ್ನೇ ಕೊಲ್ಲಬಹುದು. ಸಾಲ, ಬೆಳೆ ನಷ್ಟ, ಕುಡಿತದಿಂದ ಕುಗ್ಗಿದವನ ಕೈಗೆ ಅದು ಸಿಗಬಾರದು. ಕ್ರಿಮಿನಾಶಕದ ಡಬ್ಬಿಗೆ ಹೇಳುವ ಮಾತೇ ಇದಕ್ಕೂ: ಗುಂಡು ತೆಗೆದಿಡಿ, ತೋಟಾ ಬೇರೆ ಕಡೆ, ಎರಡಕ್ಕೂ ತಿಜೋರಿಯ ಬೀಗ, ಕೀಲಿ ಅವನ ಹತ್ತಿರ ಬೇಡ. ಮನಸ್ಸಿನ ಭಾರ ಹೇಳಿಕೊಳ್ಳಲು 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇಂಥ ತರಬೇತಿಗೆ ಹೊಸ ಸಂಸ್ಥೆ ಕಟ್ಟುವ ಅಗತ್ಯ ಕಾಣುವುದಿಲ್ಲ. ಕಾನೂನು ಸೇವಾ ಪ್ರಾಧಿಕಾರ 2009ರಿಂದ ಅರೆ ಕಾನೂನು ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುತ್ತಾ ಬಂದಿದೆ. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ನೌಕರರು, ವಿದ್ಯಾರ್ಥಿಗಳು ಎಲ್ಲರೂ ಸೇರಬಹುದು. ಆ ಪಾಠಕ್ಕೆ ಎರಡು ಸಂಜೆಯಷ್ಟು ಈ ತಾಲೀಮು ಸೇರಿಸಿದರೆ ಸಾಕು. ತಾಲ್ಲೂಕು ಸಮಿತಿಯ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಫೋನಿಗೆ 15100. ನಿಮ್ಮ ಮನೆಯಲ್ಲಿ ಬಂದೂಕು ಇದ್ದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ಪರವಾನಗಿ ಪುಸ್ತಕ ತೆಗೆದು ಯಾರ ಹೆಸರಿದೆ, ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಇವತ್ತು ರಾತ್ರಿಯೇ ನೋಡಿ.